ಮನೆಯ ವಿಡಿಯೋ ಡಿಸ್ಕ್‌ಗಳನ್ನು ಒಂದು ಮಾದರಿಯಿಂದ ಇನ್ನೊಂದಕ್ಕೆ ನಕಲಿಸುವ ಕ್ರಮ

ಕ್ಯಾಮ್‌ಕಾರ್ಡರ್‌ನಲ್ಲೋ ಡಿವಿಡಿ ರೆಕಾರ್ಡರ್‌ನಲ್ಲೋ ದಾಖಲಾಗಿ ವರ್ಷಗಟ್ಟಲೆ ಕಪಾಟಿನಲ್ಲಿ ಉಳಿದ ಮನೆಯ ವಿಡಿಯೋಗಳನ್ನು ಹೊಸ ಡಿಸ್ಕಿಗೆ ನಕಲಿಸಲು ಹೊರಟವರಿಗೆ ಮೊದಲು ಎದುರಾಗುವುದು ಹೆಸರುಗಳ ಗೊಂದಲ. ಡಿವಿಡಿ-ಆರ್, ಡಿವಿಡಿ+ಆರ್, ಇವೆರಡರ ಅಳಿಸಿ ಮರುಬರೆಯಬಹುದಾದ ಆರ್‌ಡಬ್ಲ್ಯೂ ರೂಪಗಳು, ಡಿವಿಡಿ-ರ‍್ಯಾಮ್, ಎರಡು ಪದರದ ಡಿಸ್ಕ್, ಎಂಟು ಸೆಂಟಿಮೀಟರಿನ ಪುಟ್ಟ ಡಿಸ್ಕ್, ಬ್ಲೂ-ರೇ: ಕಣ್ಣಿಗೆ ಎಲ್ಲವೂ ಒಂದೇ ಬಗೆಯ ಹೊಳೆಯುವ ಬಿಲ್ಲೆಗಳು. ಆದರೆ ನಕಲು ಸರಿಯಾಗುವುದೋ ಕೆಡುವುದೋ ಎಂಬುದು ಡಿಸ್ಕಿನ ಮೇಲೆ ಅಚ್ಚಾದ ಹೆಸರಿಗಿಂತ ಹೆಚ್ಚಾಗಿ ಬೇರೆ ಎರಡು ಸಂಗತಿಗಳನ್ನು ಅವಲಂಬಿಸಿದೆ: ಅದರೊಳಗೆ ವಿಡಿಯೋ ಯಾವ ವಿನ್ಯಾಸದಲ್ಲಿ ಬರೆಯಲ್ಪಟ್ಟಿದೆ, ಮತ್ತು ದಾಖಲಾತಿ ಮುಗಿದ ಮೇಲೆ ಡಿಸ್ಕನ್ನು ಫೈನಲೈಸ್ ಮಾಡಲಾಗಿದೆಯೇ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಮುಚ್ಚಲಾಗಿದೆಯೇ. ಇವೆರಡನ್ನು ತಿಳಿದುಕೊಂಡ ಮೇಲೆ ಉಳಿದದ್ದು ಬಹುಮಟ್ಟಿಗೆ ತಾಳ್ಮೆಯ ಕೆಲಸ. ಈ ಲೇಖನವು ಸ್ವಂತ ದಾಖಲಾತಿಗಳಿಗೆ ಮಾತ್ರ ಸಂಬಂಧಿಸಿದ್ದು. ಮಾರಾಟಕ್ಕೆ ಬಂದ ಚಲನಚಿತ್ರಗಳ ನಕಲು ತಡೆ ಇಲ್ಲಿಯ ವಿಷಯವಲ್ಲ.

ಮೊದಲ ಹೆಜ್ಜೆ: ಕೈಯಲ್ಲಿರುವ ಡಿಸ್ಕನ್ನು ಗುರುತಿಸುವುದು

ಡಿಸ್ಕಿನ ಮೇಲ್ಭಾಗದಲ್ಲಿ ಅಥವಾ ನಡುವಿನ ರಂಧ್ರದ ಸುತ್ತಲಿನ ಪಾರದರ್ಶಕ ಉಂಗುರದಲ್ಲಿ ಮಾದರಿಯ ಹೆಸರು ಸಾಮಾನ್ಯವಾಗಿ ಇರುತ್ತದೆ. ಮೈನಸ್ ಗುರುತಿನ ಡಿಸ್ಕ್ 1997ರಲ್ಲಿ ಪಯೋನಿಯರ್ ಸಂಸ್ಥೆಯಿಂದ ಬಂದದ್ದು, ಪ್ಲಸ್ ಗುರುತಿನ ಡಿಸ್ಕ್ 2002ರಲ್ಲಿ ಫಿಲಿಪ್ಸ್, ಸೋನಿ ಮೊದಲಾದವರ ಕೂಟದಿಂದ ಬಂದದ್ದು. ಎರಡು ಪಾಳೆಯಗಳ ಪೈಪೋಟಿಯ ಫಲವನ್ನು ಬಳಕೆದಾರರು ಇಂದಿಗೂ ಉಣ್ಣುತ್ತಿದ್ದಾರೆ ಎನ್ನಬೇಕು, ಏಕೆಂದರೆ ಎರಡೂ '4.7 ಜಿಬಿ' ಎಂದೇ ಹೇಳಿಕೊಂಡರೂ ಅವುಗಳ ಅಳತೆ ಒಂದೇ ಅಲ್ಲ. ಡಿವಿಡಿ-ಆರ್‌ನಲ್ಲಿ ಸುಮಾರು 470 ಕೋಟಿ 73 ಲಕ್ಷ ಬೈಟ್ ಹಿಡಿಸಿದರೆ ಡಿವಿಡಿ+ಆರ್‌ನಲ್ಲಿ 470 ಕೋಟಿ 4 ಲಕ್ಷ ಬೈಟ್ ಮಾತ್ರ ಹಿಡಿಸುತ್ತದೆ. ಹೀಗಾಗಿ ಅಂಚಿನವರೆಗೂ ತುಂಬಿದ ಮೈನಸ್ ಡಿಸ್ಕಿನ ಪೂರ್ಣ ಪ್ರತಿಯು ಪ್ಲಸ್ ಡಿಸ್ಕಿನಲ್ಲಿ ಕೂರದೆ, ಬರೆಯುವ ತಂತ್ರಾಂಶವು ಜಾಗ ಸಾಲದು ಎಂದು ಹೇಳಬಹುದು. ಎರಡು ಪದರದ ಡಿಸ್ಕ್‌ಗಳಲ್ಲಿ ಇದು ತಿರುಗುಮುರುಗಾಗುತ್ತದೆ; ಅಲ್ಲಿ ಪ್ಲಸ್ ಡಿಸ್ಕೇ ಸುಮಾರು 43 ಲಕ್ಷ ಬೈಟ್ ದೊಡ್ಡದು. ಕಂಪ್ಯೂಟರಿನ ಪರದೆಯಲ್ಲಿ 4.7 ಜಿಬಿ ಡಿಸ್ಕು 4.38 ಎಂದೂ 25 ಜಿಬಿ ಬ್ಲೂ-ರೇ 23.3 ಎಂದೂ ಕಂಡರೆ ಗಾಬರಿಪಡಬೇಕಾಗಿಲ್ಲ. ಅದು ಸಾವಿರದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ವ್ಯತ್ಯಾಸವಷ್ಟೇ.

ಹ್ಯಾಂಡಿಕ್ಯಾಮ್‌ಗಳಲ್ಲಿ ಬಳಕೆಯಾಗುತ್ತಿದ್ದ ಎಂಟು ಸೆಂಟಿಮೀಟರಿನ ಡಿಸ್ಕಿನ ಒಂದು ಬದಿಯಲ್ಲಿ ಸುಮಾರು 1.4 ಜಿಬಿ ಇರುತ್ತದೆ. ಇದನ್ನು ತಟ್ಟೆಯಿರುವ ಡ್ರೈವಿನಲ್ಲಿ, ತಟ್ಟೆಯ ಒಳಗಿನ ಚಿಕ್ಕ ತಗ್ಗಿನಲ್ಲಿಟ್ಟು ಓದಿಸಬೇಕು. ಸೀಳಿನೊಳಗೆ ಡಿಸ್ಕನ್ನು ಎಳೆದುಕೊಳ್ಳುವ ಡ್ರೈವಿಗೆ ಹಾಕಿದರೆ ಒಳಗೇ ಸಿಕ್ಕಿಹಾಕಿಕೊಳ್ಳುವ ಸಂಭವವಿದೆ. ಡಿವಿಡಿ-ರ‍್ಯಾಮ್ ಡಿಸ್ಕಿನ ತಳದಲ್ಲಿ ಚಿಕ್ಕ ಚಿಕ್ಕ ಆಯತಗಳ ಗುರುತು ಬರಿಗಣ್ಣಿಗೇ ಕಾಣುತ್ತದೆ. ಅದನ್ನು ಎಲ್ಲ ಡ್ರೈವ್‌ಗಳೂ ಓದುವುದಿಲ್ಲವಾದ್ದರಿಂದ ಡ್ರೈವಿನ ಮುಖದ ಮೇಲೆ ರ‍್ಯಾಮ್ ಎಂಬ ಗುರುತಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಕೆಲವು ಡಿವಿಡಿ-ರ‍್ಯಾಮ್‌ಗಳು ಪ್ಲಾಸ್ಟಿಕ್ ಕವಚದೊಳಗಿರುತ್ತವೆ. ಅವುಗಳಲ್ಲಿ ಕೆಲವು ಕವಚಗಳು ಬಿಚ್ಚಲು ಬರುವಂಥವು, ಕೆಲವು ಅಲ್ಲ.

ಎರಡನೆಯ ಹೆಜ್ಜೆ: ಒಳಗಿನ ವಿನ್ಯಾಸವನ್ನು ನೋಡುವುದು

ಡಿಸ್ಕನ್ನು ಕಂಪ್ಯೂಟರಿನಲ್ಲಿ ತೆರೆದಾಗ ಕಾಣುವ ಫೋಲ್ಡರಿನ ಹೆಸರೇ ಇಲ್ಲಿ ಮುಖ್ಯ ಸುಳಿವು. 'ವಿಡಿಯೋ_ಟಿಎಸ್' ಎಂಬ ಫೋಲ್ಡರ್ ಕಂಡರೆ ಅದು ಯಾವ ಡಿವಿಡಿ ಪ್ಲೇಯರಿನಲ್ಲೂ ನಡೆಯಬೇಕಾದ ಡಿವಿಡಿ-ವಿಡಿಯೋ ವಿನ್ಯಾಸ. ಅದರೊಳಗೆ ಚಿತ್ರ ಮತ್ತು ಧ್ವನಿಯನ್ನು ಹೊತ್ತ ವಿಒಬಿ ಕಡತಗಳು, ಅವುಗಳ ಅನುಕ್ರಮವನ್ನು ಹೇಳುವ ಐಎಫ್‌ಒ ಕಡತಗಳು ಮತ್ತು ಐಎಫ್‌ಒ ಕೆಟ್ಟರೆ ನೆರವಿಗೆ ಬರುವ ಬಿಯುಪಿ ಎಂಬ ತದ್ರೂಪು ಕಡತಗಳು ಇರುತ್ತವೆ. ಒಂದು ವಿಒಬಿ ಕಡತ 1 ಜಿಬಿ ಮೀರುವಂತಿಲ್ಲ; ಹಾಗಾಗಿ ಒಂದೇ ಸಮಾರಂಭದ ವಿಡಿಯೋ ನಾಲ್ಕು ತುಂಡುಗಳಾಗಿ ಕಂಡರೆ ಅದು ದೋಷವಲ್ಲ, ಆ ವಿನ್ಯಾಸದ ರೀತಿಯೇ ಹಾಗೆ.

'ಡಿವಿಡಿ_ಆರ್‌ಟಿಎವಿ' ಎಂಬ ಫೋಲ್ಡರ್ ಕಂಡರೆ ಅದು ವಿಆರ್ ವಿನ್ಯಾಸ. ಡಿವಿಡಿ-ರ‍್ಯಾಮ್‌ನಲ್ಲಿ ಮತ್ತು ಡಿವಿಡಿ-ಆರ್‌ಡಬ್ಲ್ಯೂನಲ್ಲಿ ಇದು ಹೆಚ್ಚಾಗಿ ಸಿಗುತ್ತದೆ. ರೆಕಾರ್ಡರಿನಲ್ಲಿಯೇ ತುಣುಕುಗಳನ್ನು ಅಳಿಸಲು, ಕತ್ತರಿಸಲು, ಹಿಂದುಮುಂದು ಮಾಡಲು ಅನುಕೂಲವಾಗಲೆಂದು ಮಾಡಿದ ಈ ವಿನ್ಯಾಸದಲ್ಲಿ ಎಲ್ಲ ದಾಖಲಾತಿಗಳೂ ಒಂದೇ ದೊಡ್ಡ ವಿಆರ್‌ಒ ಕಡತದೊಳಗೆ ಸಾಲಾಗಿರುತ್ತವೆ. ಯಾವುದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ವಿವರ ಬೇರೊಂದು ಐಎಫ್‌ಒ ಕಡತದಲ್ಲಿರುತ್ತದೆ. ಸಾಮಾನ್ಯ ಡಿವಿಡಿ ಪ್ಲೇಯರುಗಳು ಅನೇಕವು ಇದನ್ನು ಗುರುತಿಸುವುದೇ ಇಲ್ಲ. ಡಿವಿಡಿ+ಆರ್‌ಡಬ್ಲ್ಯೂನಲ್ಲಿ ಈ ತೊಡಕಿಲ್ಲ; ಅಲ್ಲಿ ಬಳಕೆಯಾದ ಪ್ಲಸ್ ವಿಆರ್ ಎಂಬ ಕ್ರಮವು ಹೆಸರಿನಲ್ಲಿ ಹತ್ತಿರವಿದ್ದರೂ ಡಿಸ್ಕಿನ ಮೇಲೆ 'ವಿಡಿಯೋ_ಟಿಎಸ್' ಫೋಲ್ಡರನ್ನೇ ಬರೆಯುತ್ತದೆ.

ಮೂರನೆಯದು 'ಬಿಡಿಎಂವಿ' ಎಂಬ ಫೋಲ್ಡರ್. ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ಹೊರತಂದ ಎವಿಸಿಎಚ್‌ಡಿ ಎಂಬ ಹೈ ಡೆಫಿನಿಷನ್ ವಿನ್ಯಾಸವು ಡಿವಿಡಿ ಡಿಸ್ಕಿನ ಮೇಲೂ ಬರೆಯಲ್ಪಡುತ್ತಿತ್ತು. ಡಿಸ್ಕು ಡಿವಿಡಿಯೇ ಆದರೂ ಒಳಗಿನ ಚಿತ್ರ ಎಚ್.264 ಎಂಬ ಬೇರೆ ಸಂಕೋಚನ ರೂಪದ್ದಾದ್ದರಿಂದ ಡಿವಿಡಿ ಪ್ಲೇಯರಿಗೆ ಅದು ಅರ್ಥವಾಗುವುದಿಲ್ಲ. ಆ ಬೆಂಬಲವಿರುವ ಬ್ಲೂ-ರೇ ಪ್ಲೇಯರುಗಳು ಮಾತ್ರ ಅದನ್ನು ತೋರಿಸುತ್ತವೆ.

ಫೈನಲೈಸ್ ಆಗದ ಡಿಸ್ಕ್

ಮೇಲಿನ ಯಾವ ಫೋಲ್ಡರೂ ಕಾಣದೆ, ತಳದಲ್ಲಿ ಬರೆದ ಭಾಗದ ಬಣ್ಣ ಬೇರೆಯಾಗಿರುವುದು ಕಣ್ಣಿಗೆ ಕಾಣುತ್ತಿದ್ದರೂ ಕಂಪ್ಯೂಟರ್ ಅದನ್ನು ಖಾಲಿ ಡಿಸ್ಕ್ ಎನ್ನುತ್ತಿದ್ದರೆ, ಅದು ಬಹುಶಃ ಫೈನಲೈಸ್ ಆಗದ ಡಿಸ್ಕ್. ದಾಖಲಾತಿ ಮುಗಿದ ಬಳಿಕ ಕ್ಯಾಮೆರಾ ಅಥವಾ ರೆಕಾರ್ಡರ್ ಡಿಸ್ಕಿನ ಒಳ ಅಂಚಿನಲ್ಲಿ ವಿಷಯಸೂಚಿಯನ್ನೂ ಕೊನೆಯಲ್ಲಿ ಮುಕ್ತಾಯದ ಗುರುತನ್ನೂ ಬರೆದು ಮುಚ್ಚಬೇಕು. ಅದಾಗದಿದ್ದರೆ ಬರೆದ ಯಂತ್ರಕ್ಕಷ್ಟೇ ಒಳಗೇನಿದೆಯೆಂದು ತಿಳಿದಿರುತ್ತದೆ. ಇಂಥ ಡಿಸ್ಕನ್ನು ಹಾಕಿದಾಗ ಕಂಪ್ಯೂಟರ್ 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ' ಎಂದು ಕೇಳಿದರೆ ಯಾವ ಕಾರಣಕ್ಕೂ ಒಪ್ಪಬಾರದು. ಮರುಬರೆಯಬಹುದಾದ ಡಿಸ್ಕಿನಲ್ಲಿ ಆ ಒಂದು ಒಪ್ಪಿಗೆಯೇ ಹಳೆಯ ವಿಡಿಯೋವನ್ನು ಅಳಿಸಿಬಿಡಬಲ್ಲದು.

ಸರಿಯಾದ ದಾರಿಯೆಂದರೆ ಅದನ್ನು ದಾಖಲಿಸಿದ ಯಂತ್ರಕ್ಕೇ ಮರಳಿ ಹಾಕಿ, ಅದರ ಮೆನುವಿನಲ್ಲಿರುವ ಫೈನಲೈಸ್ ಆಯ್ಕೆಯನ್ನು ನಡೆಸುವುದು. ಕ್ಯಾಮೆರಾ ಆದರೆ ಬ್ಯಾಟರಿಯನ್ನು ನಂಬದೆ ಚಾರ್ಜರಿಗೆ ಜೋಡಿಸಿಯೇ ಈ ಕೆಲಸ ಮಾಡಬೇಕು, ಏಕೆಂದರೆ ನಡುವೆ ವಿದ್ಯುತ್ ಹೋದರೆ ಡಿಸ್ಕು ಅರ್ಧ ಮುಚ್ಚಿದ ಸ್ಥಿತಿಯಲ್ಲಿ ಉಳಿಯುತ್ತದೆ. ಆ ಯಂತ್ರ ಈಗ ಇಲ್ಲವಾಗಿದ್ದರೆ ಅದೇ ತಯಾರಕರ, ಸಾಧ್ಯವಾದರೆ ಅದೇ ಶ್ರೇಣಿಯ ಬೇರೊಂದು ಯಂತ್ರದಲ್ಲಿ ಪ್ರಯತ್ನಿಸಬಹುದು. ಅದೂ ಇಲ್ಲದಿದ್ದರೆ ಐಸೋಬಸ್ಟರ್‌ನಂಥ ತಂತ್ರಾಂಶವು ಮುಚ್ಚದ ಡಿಸ್ಕಿನ ವಲಯಗಳನ್ನು (ದತ್ತಾಂಶದ ಚಿಕ್ಕ ಚಿಕ್ಕ ಭಾಗಗಳನ್ನು) ನೇರವಾಗಿ ಶೋಧಿಸಿ ವಿಡಿಯೋವನ್ನು ಹೊರತೆಗೆಯಬಲ್ಲದು. ಡಿವಿಡಿ-ರ‍್ಯಾಮ್ ಮತ್ತು ಡಿವಿಡಿ+ಆರ್‌ಡಬ್ಲ್ಯೂ ಡಿಸ್ಕ್‌ಗಳಿಗೆ ಈ ಮುಚ್ಚುವ ವಿಧಿ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಮೂರನೆಯ ಹೆಜ್ಜೆ: ಮೊದಲು ಹಾರ್ಡ್ ಡಿಸ್ಕಿಗೆ

ಎರಡು ಡ್ರೈವ್‌ಗಳಿರುವ ಕಂಪ್ಯೂಟರಿನಲ್ಲಿ ಒಂದರಿಂದ ಓದಿ ಇನ್ನೊಂದಕ್ಕೆ ನೇರವಾಗಿ ಬರೆಯುವ ಸೌಲಭ್ಯವಿರುತ್ತದೆ. ಹಳೆಯ ಡಿಸ್ಕ್‌ಗಳ ವಿಷಯದಲ್ಲಿ ಇದನ್ನು ಬಳಸದಿರುವುದೇ ಲೇಸು. ಓದುವ ಕಡೆ ಗೀರಿನಿಂದಾಗಿ ಡ್ರೈವು ತಡವರಿಸಿದರೆ ಬರೆಯುವ ಕಡೆಯ ಡಿಸ್ಕೂ ಕೆಡುತ್ತದೆ; ಎಲ್ಲಿ ಓದಲಾಗಲಿಲ್ಲ ಎಂಬ ಲೆಕ್ಕವೂ ಸಿಗುವುದಿಲ್ಲ. ಆದ್ದರಿಂದ ಮೂಲ ಡಿಸ್ಕಿನ ಪೂರ್ಣ ಪ್ರತಿಬಿಂಬವನ್ನು ಐಎಸ್‌ಒ ಎಂಬ ಒಂದೇ ಇಮೇಜ್ ಕಡತವಾಗಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡು, ಮುಂದಿನ ಎಲ್ಲ ಕೆಲಸವನ್ನೂ ಅದರ ಮೇಲೆ ನಡೆಸಬೇಕು. ವಿಂಡೋಸಿನಲ್ಲಿ ಇಮ್ಗ್‌ಬರ್ನ್‌ನ ಓದುವ ವಿಧಾನ ಇದಕ್ಕೆ ಸಾಕು. ಲಿನಕ್ಸ್‌ನಲ್ಲಿ ಕೆ3ಬಿ ಇದೆ, ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿ ಇದೆ. ಇಮೇಜನ್ನು ಉಳಿಸುವ ಜಾಗವು ಎಫ್‌ಎಟಿ32 ರೂಪದ ಪೆನ್ ಡ್ರೈವ್ ಆಗಿರಬಾರದು. ಅದರಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲವಾದ್ದರಿಂದ ತುಂಬಿದ ಡಿವಿಡಿಯ ಇಮೇಜ್ ಅಲ್ಲಿ ಹಿಡಿಸುವುದಿಲ್ಲ.

ಓದಿಸುವ ಮುನ್ನ ಡಿಸ್ಕಿನ ತಳವನ್ನು ಮೆದುವಾದ, ನೂಲು ಬಿಡದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಗೆರೆಯಲ್ಲಿ ಒರೆಸಬೇಕು. ಸುತ್ತು ಹಾಕಿ ಒರೆಸಿದರೆ, ಬಟ್ಟೆಯಲ್ಲಿ ಸಿಕ್ಕ ಧೂಳಿನ ಕಣ ಮಾಡುವ ಗೀರು ದತ್ತಾಂಶದ ಸುರುಳಿಯ ಉದ್ದಕ್ಕೂ ಹೋಗುತ್ತದೆ, ಮತ್ತು ಅಂಥ ಗೀರನ್ನು ಡಿಸ್ಕಿನ ದೋಷ ತಿದ್ದುವ ವ್ಯವಸ್ಥೆ ಸಹಿಸುವುದು ಕಷ್ಟ; ಅಡ್ಡ ಗೀರು ಪ್ರತಿ ಸುತ್ತಿನಲ್ಲೂ ಸ್ವಲ್ಪವನ್ನಷ್ಟೇ ಕೆಡಿಸುವುದರಿಂದ ಅದನ್ನು ಬಹುಮಟ್ಟಿಗೆ ತಿದ್ದಬಹುದು.

ಓದುವಾಗ ದೋಷಗಳು ಬಂದರೆ ಅಲ್ಲಿಗೇ ಕೈಬಿಡಬೇಕಾಗಿಲ್ಲ. ಡಿಡಿರೆಸ್ಕ್ಯೂ ಎಂಬ ಉಪಕರಣವು ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವ ಭಾಗಗಳನ್ನೆಲ್ಲ ತೆಗೆದುಕೊಂಡು, ಕಷ್ಟದ ಭಾಗಗಳಿಗೆ ಆಮೇಲೆ ಮತ್ತೆ ಮತ್ತೆ ಮರಳುತ್ತದೆ. ಯಾವುದು ಬಂತು, ಯಾವುದು ಬಾಕಿಯಿದೆ ಎಂಬುದನ್ನು ಒಂದು ನಕ್ಷೆ ಕಡತದಲ್ಲಿ ಬರೆದಿಡುತ್ತದೆ. ಈ ನಕ್ಷೆಯೇ ಅದರ ದೊಡ್ಡ ಗುಣ. ಅದೇ ಡಿಸ್ಕನ್ನು ಬೇರೊಂದು ಡ್ರೈವಿಗೆ ಹಾಕಿ ಅದೇ ಇಮೇಜನ್ನೂ ಅದೇ ನಕ್ಷೆಯನ್ನೂ ಕೊಟ್ಟರೆ, ಹೊಸ ಡ್ರೈವು ಬಾಕಿ ಉಳಿದ ಜಾಗಗಳನ್ನು ಮಾತ್ರ ಓದಲು ಯತ್ನಿಸುತ್ತದೆ. ಒಂದು ಡ್ರೈವಿಗೆ ಓದಲಾಗದ ವಲಯವನ್ನು ಇನ್ನೊಂದು ಸಲೀಸಾಗಿ ಓದುವುದು ಅಪರೂಪವೇನಲ್ಲ. ಡಿವಿಡಿಯ ಒಂದು ವಲಯ 2048 ಬೈಟಿನದ್ದಾದ್ದರಿಂದ ಆ ಅಳತೆಯನ್ನೇ ಉಪಕರಣಕ್ಕೆ ಸೂಚಿಸಬೇಕು. ಇಷ್ಟಾಗಿಯೂ ಕೆಲವು ವಲಯಗಳು ಉಳಿದರೆ, ಅವು ವಿಒಬಿ ಕಡತದೊಳಗೆ ಬಿದ್ದಿರುವ ಪಕ್ಷದಲ್ಲಿ ಪರದೆಯ ಮೇಲೆ ಕ್ಷಣಕಾಲ ಚಿತ್ರ ಒಡೆದು ಮುಂದೆ ಹೋಗುತ್ತದೆ. ಮನೆಯ ವಿಡಿಯೋಗೆ ಅದು ಸಹಿಸಬಹುದಾದ ನಷ್ಟ.

ನಾಲ್ಕನೆಯ ಹೆಜ್ಜೆ: ವಿನ್ಯಾಸ ಬದಲಿಸದೆ ಬರೆಯುವುದು

ಇಮೇಜಿನೊಳಗೆ ಇರುವುದು 'ವಿಡಿಯೋ_ಟಿಎಸ್' ಆಗಿದ್ದು, ಹೊಸ ಡಿಸ್ಕಿನ ಜಾಗ ಸಾಲುವುದಾದರೆ, ಮೈನಸ್‌ನಿಂದ ಪ್ಲಸ್‌ಗಾಗಲಿ ಆರ್‌ಡಬ್ಲ್ಯೂನಿಂದ ಆರ್‌ಗಾಗಲಿ ಇಮೇಜನ್ನು ಹಾಗೆಯೇ ಬರೆದರಾಯಿತು. ಎಂಟು ಸೆಂಟಿಮೀಟರಿನ ಡಿಸ್ಕನ್ನು ಹನ್ನೆರಡು ಸೆಂಟಿಮೀಟರಿನ ಡಿಸ್ಕಿಗೆ ಬರೆಯುವುದಕ್ಕೂ ಬೇರೆ ಕ್ರಮವಿಲ್ಲ. ಜಾಗ ಕೂದಲೆಳೆಯಷ್ಟು ಸಾಲದೆ ಬಂದಾಗ ಮಾತ್ರ ಇಮೇಜಿನಿಂದ ಫೋಲ್ಡರನ್ನು ಹೊರತೆಗೆದು, ಡಿವಿಡಿ-ವಿಡಿಯೋ ವಿಧಾನದಲ್ಲಿ ಮತ್ತೆ ಕಟ್ಟಿ ನೋಡಬಹುದು. ಮೂಲ ಇಮೇಜಿನ ಕೊನೆಯಲ್ಲಿ ಬರಿಯ ತುಂಬುವಿಕೆ ಇದ್ದರೆ ಅಷ್ಟು ಉಳಿತಾಯವಾಗುತ್ತದೆ. ಅದಕ್ಕೂ ಆಗದಿದ್ದರೆ ಸುಲಭ ಪರಿಹಾರವೆಂದರೆ ಮೈನಸ್ ಡಿಸ್ಕನ್ನೇ ತರುವುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ವಿಡಿಯೋ_ಟಿಎಸ್' ಫೋಲ್ಡರನ್ನು ಖಾಲಿ ಡಿಸ್ಕಿನ ಮೇಲೆ ಎಳೆದು ಬಿಟ್ಟರೆ ನಕಲಾಯಿತು ಎಂದು ಅನೇಕರು ತಿಳಿಯುತ್ತಾರೆ. ಕಂಪ್ಯೂಟರಿನಲ್ಲಿ ಅದು ನಡೆದೀತು. ಆದರೆ ಟಿವಿಗೆ ಜೋಡಿಸಿದ ಪ್ಲೇಯರ್ ಕಡತಗಳು ಡಿಸ್ಕಿನ ಮೇಲೆ ನಿರ್ದಿಷ್ಟ ಅನುಕ್ರಮದಲ್ಲಿರಬೇಕೆಂದೂ, ಕಡತ ವ್ಯವಸ್ಥೆ (ಕಡತಗಳನ್ನು ಡಿಸ್ಕಿನ ಮೇಲೆ ಜೋಡಿಸಿಡುವ ಕ್ರಮ) ಯುಡಿಎಫ್‌ನ 1.02 ಆವೃತ್ತಿಯದಾಗಿರಬೇಕೆಂದೂ ಅಪೇಕ್ಷಿಸುತ್ತದೆ. ವಿಂಡೋಸ್ ಡಿಸ್ಕನ್ನು ಹೇಗೆ ಬಳಸುವಿರಿ ಎಂದು ಕೇಳಿ, ಪೆನ್ ಡ್ರೈವಿನಂತೆ ಬಳಸುವ ಆಯ್ಕೆಯನ್ನು ಮುಂದಿಟ್ಟಾಗ ಅದನ್ನು ಒಪ್ಪಿಕೊಂಡರೆ ಈ ಎರಡೂ ನಿಯಮಗಳು ಮುರಿಯುತ್ತವೆ. ಡಿವಿಡಿ-ವಿಡಿಯೋ ಬರೆಯಲೆಂದೇ ಇರುವ ವಿಧಾನವುಳ್ಳ ತಂತ್ರಾಂಶವನ್ನು ಬಳಸುವುದೇ ಸರಿ.

ವೇಗದ ಬಗ್ಗೆ ಬಹಳ ಚರ್ಚೆಯಿದೆ. ಅತಿ ಕಡಿಮೆ ವೇಗವೇ ಅತಿ ಉತ್ತಮ ಎಂಬ ಮಾತು 16 ಪಟ್ಟು ವೇಗಕ್ಕೆಂದು ತಯಾರಾದ ಡಿಸ್ಕ್‌ಗಳಿಗೆ ಹೊಂದುವುದಿಲ್ಲ. ಅಂಥ ಡಿಸ್ಕಿಗೆ 8 ಪಟ್ಟು ಎಂಬುದು ಒಪ್ಪತಕ್ಕ ಆಯ್ಕೆ. ಹಳೆಯ ಪ್ಲೇಯರಿನಲ್ಲಿ ನಡೆಸಬೇಕಾದ ಪ್ರತಿಗೆ ಡಿವಿಡಿ-ಆರ್ ಹೆಚ್ಚು ನಂಬಿಕೆಯದ್ದು. ಪ್ಲಸ್ ಡಿಸ್ಕೇ ಕೈಯಲ್ಲಿದ್ದರೆ, ಡ್ರೈವು ಅವಕಾಶ ಕೊಟ್ಟ ಪಕ್ಷದಲ್ಲಿ ಬರೆಯುವ ಮುನ್ನ ಡಿಸ್ಕು ಯಾವ ಬಗೆಯದೆಂದು ಪ್ಲೇಯರಿಗೆ ಹೇಳುವ ಅದರ ಬುಕ್ ಟೈಪ್ ಗುರುತನ್ನು ಡಿವಿಡಿ-ರಾಮ್ ಎಂದು ಬದಲಿಸಬಹುದು. ಆಗ ಹಳೆಯ ಪ್ಲೇಯರ್ ಅದನ್ನು ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕೆಂದೇ ಎಣಿಸಿ ಓದುತ್ತದೆ. ಇಲ್ಲಿ ಹೇಳಿದ ರಾಮ್ ಓದಲಷ್ಟೇ ಬರುವಂಥದ್ದು, ಮೇಲೆ ಹೇಳಿದ ರ‍್ಯಾಮ್ ಅಲ್ಲ. ಮೈನಸ್ ಡಿಸ್ಕಿನಲ್ಲಿ ಈ ಗುರುತನ್ನು ಬದಲಿಸಲು ಬರುವುದಿಲ್ಲ.

ವಿಆರ್ ವಿನ್ಯಾಸವನ್ನು ಬದಲಿಸುವುದು

ಡಿವಿಡಿ-ರ‍್ಯಾಮ್‌ನಿಂದ ಸಾಮಾನ್ಯ ಡಿವಿಡಿಗೆ ಹೋಗುವ ದಾರಿಯಲ್ಲಿ ನಿಜವಾದ ಕೆಲಸವಿರುವುದು ಇಲ್ಲಿಯೇ. ವಿಆರ್‌ಒ ಕಡತದ ಹೆಸರಿನ ಕೊನೆಯನ್ನು ಎಂಪಿಜಿ ಎಂದು ಬದಲಿಸಿದರೆ ಅದು ಬಹುಪಾಲು ಪ್ಲೇಯರುಗಳಲ್ಲಿ ತೆರೆಯುತ್ತದೆ, ಏಕೆಂದರೆ ಒಳಗಿರುವುದು ಎಂಪೆಗ್-2 ವಿಡಿಯೋವೇ. ಆದರೆ ಹುಟ್ಟುಹಬ್ಬ, ಮದುವೆ, ಪ್ರವಾಸ ಎಲ್ಲವೂ ಗೋಣಿಯಲ್ಲಿ ತುಂಬಿದ ಕಾಳಿನಂತೆ ಒಟ್ಟಾಗಿ ಸುರಿಯುತ್ತವೆ. ಅವಧಿಯೂ ತಪ್ಪಾಗಿ ಕಾಣುತ್ತದೆ, ಏಕೆಂದರೆ ಪ್ರತಿ ದಾಖಲಾತಿಯಲ್ಲೂ ಸಮಯದ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಆದ್ದರಿಂದ ಐಎಫ್‌ಒ ಕಡತವನ್ನು ಓದಿ ಪ್ರತಿ ದಾಖಲಾತಿಯನ್ನೂ ಬೇರೆ ಬೇರೆ ಕಡತವಾಗಿ ಕೊಡುವ ಉಪಕರಣವನ್ನೇ ಬಳಸಬೇಕು. ಡಿವಿಡಿ-ವಿಆರ್ ಎಂಬ ಹೆಸರಿನ ಮುಕ್ತ ತಂತ್ರಾಂಶ ಇದಕ್ಕಾಗಿಯೇ ಇದೆ. ರೆಕಾರ್ಡರಿನಲ್ಲಿ ಪ್ಲೇಲಿಸ್ಟ್ ಮಾಡಿ ದೃಶ್ಯಗಳನ್ನು ಜೋಡಿಸಿಟ್ಟಿದ್ದರೆ ಆ ಜೋಡಣೆ ಬರಿಯ ಸೂಚನೆಗಳ ಪಟ್ಟಿಯಾಗಿದ್ದು, ವಿಆರ್‌ಒ ಕಡತದಲ್ಲಿ ಮೂಲ ದೃಶ್ಯಗಳು ಮಾತ್ರ ಇರುತ್ತವೆ ಎಂಬುದನ್ನು ನೆನಪಿಡಬೇಕು.

ಬೇರ್ಪಡಿಸಿದ ಕಡತಗಳನ್ನು ಡಿವಿಡಿಸ್ಟೈಲರ್ ಅಥವಾ ಡಿವಿಡಿಆಥರ್‌ನಂಥ ತಂತ್ರಾಂಶಕ್ಕೆ ಕೊಟ್ಟು 'ವಿಡಿಯೋ_ಟಿಎಸ್' ಕಟ್ಟಬೇಕು. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಆಯ್ಕೆಯೆಂದರೆ ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡದೆ, ಅಂದರೆ ಹೊಸದಾಗಿ ಸಂಕುಚಿಸದೆ, ಇದ್ದಂತೆಯೇ ನಕಲಿಸುವ ಆಯ್ಕೆ. ಎಂಪೆಗ್-2ರಿಂದ ಎಂಪೆಗ್-2ಕ್ಕೆ ಮರು ಎನ್‌ಕೋಡ್ ಮಾಡಿದರೆ ಗಂಟೆಗಟ್ಟಲೆ ಸಮಯ ಹೋಗುವುದಲ್ಲದೆ ಚಿತ್ರದ ಗುಣವೂ ಇಳಿಯುತ್ತದೆ. ಪ್ರತಿಯಾಗಿ ಸಿಗುವುದು ಏನೂ ಇಲ್ಲ. ಇದಕ್ಕೆ ಒಂದು ಅಪವಾದವುಂಟು. ದೀರ್ಘ ಅವಧಿಯ ದಾಖಲಾತಿಗೆಂದು ಕೆಲವು ರೆಕಾರ್ಡರುಗಳು ವಿಆರ್ ವಿನ್ಯಾಸದಲ್ಲಿ 544 ಅಥವಾ 480 ಬಿಂದುಗಳ ಅಗಲದ ಚಿತ್ರವನ್ನು ಬರೆಯುತ್ತಿದ್ದವು, ಆದರೆ ಡಿವಿಡಿ-ವಿಡಿಯೋ ಎಂಪೆಗ್-2 ಚಿತ್ರಕ್ಕೆ 720, 704 ಮತ್ತು 352ರ ಅಗಲಗಳನ್ನು ಮಾತ್ರ ಒಪ್ಪುತ್ತದೆ. ಅಂಥ ದಾಖಲಾತಿಯನ್ನು ಟಿವಿ ಪ್ಲೇಯರಿನಲ್ಲಿ ನೋಡಲೇಬೇಕಿದ್ದರೆ ಎನ್‌ಕೋಡ್ ಅನಿವಾರ್ಯ. ಮೂಲ ಕಡತವನ್ನು ಮಾತ್ರ ಬೇರೆ ಇಟ್ಟುಕೊಳ್ಳಬೇಕು. ಹಳೆಯ 4:3 ಚಿತ್ರವೂ ಅಗಲ ಪರದೆಯ 16:9 ಚಿತ್ರವೂ ಒಂದೇ ಡಿಸ್ಕಿನಲ್ಲಿದ್ದರೆ ಅವುಗಳನ್ನು ಬೇರೆ ಬೇರೆ ಶೀರ್ಷಿಕೆ ಗುಂಪುಗಳಲ್ಲಿ ಇಡಬೇಕು, ಇಲ್ಲವಾದರೆ ಒಂದು ಬಗೆಯ ಚಿತ್ರದಲ್ಲಿ ಮುಖಗಳು ಹಿಗ್ಗಿಯೋ ಕುಗ್ಗಿಯೋ ಕಾಣುತ್ತವೆ. ಹಾಗೆಯೇ 576 ಸಾಲಿನ ಪಾಲ್ ಮತ್ತು 480 ಸಾಲಿನ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಗಳ ದಾಖಲಾತಿಗಳನ್ನು ಒಂದೇ ಡಿಸ್ಕಿನಲ್ಲಿ ಬೆರೆಸಬಾರದು. ಎರಡು ಡಿಸ್ಕ್ ಮಾಡುವುದು ಪರಿವರ್ತನೆಗಿಂತ ಎಷ್ಟೋ ಮೇಲು.

ಎರಡು ಪದರದಿಂದ ಒಂದಕ್ಕೆ, ಒಂದರಿಂದ ಎರಡಕ್ಕೆ

8.5 ಜಿಬಿಯ ಡಿಸ್ಕನ್ನು 4.7 ಜಿಬಿಗೆ ಹಿಂಡಿ ಇಳಿಸುವ ತಂತ್ರಾಂಶಗಳು ಒಂದು ಕಾಲದಲ್ಲಿ ಬಹಳ ಜನಪ್ರಿಯವಾಗಿದ್ದವು. ಮತ್ತೆಲ್ಲೂ ಸಿಗದ ಮನೆಯ ವಿಡಿಯೋಗಳಿಗೆ ಆ ಉಪಾಯ ಸಲ್ಲದು. ಅಧ್ಯಾಯದ ಗಡಿಯಲ್ಲಿ ವಿಭಜಿಸಿ ಎರಡು ಡಿಸ್ಕ್‌ಗಳಿಗೆ ಬರೆದರೆ ಚಿತ್ರದ ಗುಣ ಇದ್ದಂತೆಯೇ ಉಳಿಯುತ್ತದೆ. ತಿರುಗಿ, ಹಲವು ಡಿಸ್ಕ್‌ಗಳನ್ನು ಸೇರಿಸಿ ಎರಡು ಪದರದ ಡಿಸ್ಕಿಗೆ ಬರೆಯುವಾಗ ಪದರ ಬದಲಾಗುವ ಜಾಗವು ಕೋಶವೊಂದರ (ವಿಡಿಯೋದ ಚಿಕ್ಕ ಭಾಗವೊಂದರ) ಆರಂಭಕ್ಕೆ ಸರಿಹೊಂದಬೇಕು ಮತ್ತು ಮೊದಲ ಪದರ ಎರಡನೆಯದಕ್ಕಿಂತ ಚಿಕ್ಕದಾಗಿರಬಾರದು. ಇಮ್ಗ್‌ಬರ್ನ್ ಇದಕ್ಕೆ ಸೂಕ್ತ ಜಾಗಗಳ ಪಟ್ಟಿಯನ್ನು ತಾನೇ ತೋರಿಸುತ್ತದೆ. ಮಾತು ನಡೆಯುತ್ತಿರುವಾಗ ಕಡಿಯದೆ ದೃಶ್ಯ ಬದಲಾಗುವ ಜಾಗವನ್ನು ಆರಿಸಿದರೆ ಕ್ಷಣದ ನಿಲುಗಡೆ ಗಮನಕ್ಕೆ ಬಾರದು.

ಬ್ಲೂ-ರೇಗೆ ಸಾಗಿಸುವುದು

ಬಿಡಿ-ಆರ್ ಎಂಬ, ಒಮ್ಮೆ ಬರೆಯಬಹುದಾದ ಬ್ಲೂ-ರೇ ಡಿಸ್ಕನ್ನು ಬರೆಯಲೂ ಓದಲೂ 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್ ಇರುವ ಡ್ರೈವ್ ಬೇಕು. 650 ನ್ಯಾನೋಮೀಟರಿನ ಕೆಂಪು ಲೇಸರಿನ ಡಿವಿಡಿ ಡ್ರೈವಿಗೆ ಅದು ಕಾಣುವುದೇ ಇಲ್ಲ. 'ವಿಡಿಯೋ_ಟಿಎಸ್' ಫೋಲ್ಡರನ್ನು ಬಿಡಿ-ಆರ್‌ಗೆ ಬರೆದರೆ ಬಹುಪಾಲು ಬ್ಲೂ-ರೇ ಪ್ಲೇಯರುಗಳು ಅದನ್ನು ಡಿವಿಡಿಯೆಂದು ನಡೆಸುವುದಿಲ್ಲ. ಆದ್ದರಿಂದ ಬಿಡಿ-ಆರ್ ಅನ್ನು ನೋಡುವ ಡಿಸ್ಕಾಗಿ ಅಲ್ಲದೆ ಕಾಪಿಡುವ ಡಿಸ್ಕಾಗಿ ಬಳಸುವುದು ವಿವೇಕ. ತುಂಬಿದ ಐದು ಒಂಟಿ ಪದರದ ಡಿವಿಡಿಗಳ ಇಮೇಜುಗಳು ಒಟ್ಟು ಸುಮಾರು 23.5 ಜಿಬಿ ಆಗುವುದರಿಂದ ಒಂದು 25 ಜಿಬಿ ಬಿಡಿ-ಆರ್‌ನಲ್ಲಿ ಅವು ಹಿಡಿಸಿ, ಪರಿಶೀಲನಾ ಕಡತಗಳಿಗೂ ಜಾಗ ಉಳಿಯುತ್ತದೆ. ಕಡತ ವ್ಯವಸ್ಥೆಯಾಗಿ ಯುಡಿಎಫ್ ಆಯ್ದುಕೊಳ್ಳಬೇಕು. ಬಿಡಿ-ಆರ್ ಕೊಳ್ಳುವಾಗ ಎಲ್‌ಟಿಎಚ್ ಎಂಬ ಗುರುತಿರುವ ಡಿಸ್ಕನ್ನು ಬಿಡುವುದು ಒಳ್ಳೆಯದು. ಅದರಲ್ಲಿ ಡಿವಿಡಿ-ಆರ್‌ನಂತೆಯೇ ಸಾವಯವ ಬಣ್ಣದ ಪದರವಿದ್ದು, ಸಾಮಾನ್ಯ ಬಿಡಿ-ಆರ್‌ನ ನಿರವಯವ ಪದರದಷ್ಟು ಬೆಳಕನ್ನು ತಾಳುವುದಿಲ್ಲ.

ಎವಿಸಿಎಚ್‌ಡಿ ಡಿಸ್ಕ್‌ಗಳ ವಿಷಯ ಬೇರೆ. ಅವುಗಳ ವಿಡಿಯೋವನ್ನು ಟಿಎಸ್‌ಮಕ್ಸರ್ ಎಂಬ ತಂತ್ರಾಂಶದಿಂದ ಎನ್‌ಕೋಡ್ ಮಾಡದೆಯೇ ಬ್ಲೂ-ರೇ ವಿನ್ಯಾಸಕ್ಕೆ ಕಟ್ಟಿ, ಪ್ಲೇಯರಿನಲ್ಲಿ ನಡೆಯುವ ಬಿಡಿ-ಆರ್ ಮಾಡಬಹುದು. ಇಡೀ 'ಬಿಡಿಎಂವಿ' ಫೋಲ್ಡರನ್ನು ಉಳಿಸಿಕೊಳ್ಳದೆ ಬರಿಯ ಎಂಟಿಎಸ್ ಎಂಬ ವಿಡಿಯೋ ಕಡತಗಳನ್ನು ಹೆಕ್ಕಿಕೊಂಡರೆ, ತುಂಡಾದ ದೀರ್ಘ ದಾಖಲಾತಿಗಳನ್ನು ಜೋಡಿಸುವಾಗ ಬೆಸುಗೆಯ ಬಳಿ ಧ್ವನಿ ತಪ್ಪಬಹುದು.

ಬರೆದ ಮೇಲೆ

ಬರೆಯುವ ತಂತ್ರಾಂಶದಲ್ಲಿ ಪರಿಶೀಲನೆಯ ಆಯ್ಕೆಯನ್ನು ಎಂದೂ ತೆಗೆದುಹಾಕಬಾರದು. ಅದು ಮುಗಿದ ಮೇಲೆ ಡಿಸ್ಕನ್ನು ಬರೆದ ಡ್ರೈವಿನಿಂದ ತೆಗೆದು, ಸಾಧ್ಯವಾದರೆ ಬೇರೊಂದು ಡ್ರೈವಿನಲ್ಲಿ ಪೂರ್ತಿ ಓದಿಸಿ, ಇಮೇಜಿನ ಎಸ್‌ಎಚ್‌ಎ-256 ಮೊತ್ತದೊಂದಿಗೆ (ಕಡತದ ಬೈಟ್‌ಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆಯೊಂದಿಗೆ) ಹೋಲಿಸಬೇಕು. ತಾನು ಬರೆದದ್ದನ್ನು ತಾನೇ ಓದುವ ಡ್ರೈವಿನ ಮಾತು ಪೂರ್ಣ ಪುರಾವೆಯಲ್ಲ. ನಂತರ ಟಿವಿಯಲ್ಲಿ ಆರಂಭ, ನಡುವೆ ಮತ್ತು ಕಟ್ಟಕಡೆಯ ದೃಶ್ಯಗಳನ್ನು ನೋಡಬೇಕು. ಬರಹವು ಒಳಗಿನಿಂದ ಹೊರಕ್ಕೆ ಸಾಗುವುದರಿಂದ ದೋಷಗಳು ಹೆಚ್ಚಾಗಿ ಕಾಣುವುದು ಹೊರ ಅಂಚಿನಲ್ಲಿ, ಅಂದರೆ ತುಂಬಿದ ಡಿಸ್ಕಿನ ಕೊನೆಯ ಭಾಗದಲ್ಲಿ.

ಡಿಸ್ಕಿನ ಮೇಲೆ ಕಾಗದದ ಚೀಟಿ ಅಂಟಿಸಬಾರದು. ಅದು ತಿರುಗುವಾಗ ಸಮತೋಲ ಕೆಡಿಸುತ್ತದೆ, ಕಾಲಾಂತರದಲ್ಲಿ ಅಂಟು ಪದರವನ್ನೂ ಎಳೆಯುತ್ತದೆ. ನೀರು ಆಧಾರಿತ ಶಾಯಿಯ ಮೆದು ತುದಿಯ ಪೆನ್ನಿನಿಂದ ನಡುವಿನ ಪಾರದರ್ಶಕ ಉಂಗುರದ ಮೇಲೆ ಒಂದು ಸಂಖ್ಯೆ ಬರೆದರೆ ಸಾಕು. ಸಂದರ್ಭ, ದಾಖಲಾದ ವರ್ಷ, ಮೂಲ ಡಿಸ್ಕಿನ ಮಾದರಿ, ನಕಲು ಮಾಡಿದ ದಿನ ಮತ್ತು ಓದಲಾಗದ ವಲಯಗಳಿದ್ದರೆ ಅವುಗಳ ವಿವರವನ್ನು ಪೆಟ್ಟಿಗೆಯೊಳಗಿನ ಕಾಗದದಲ್ಲೂ ಕಂಪ್ಯೂಟರಿನ ಪಟ್ಟಿಯಲ್ಲೂ ಬರೆದಿಡಬೇಕು. ಮರುಬರೆಯುವ ಡಿಸ್ಕನ್ನು ಸಾವಿರ ಬಾರಿ ಅಳಿಸಿ ಬರೆಯಬಹುದು ಎಂಬುದು ನಿಜ, ಆದರೆ ಸುಲಭವಾಗಿ ಅಳಿಸಬಹುದೆಂಬ ಅದೇ ಗುಣದಿಂದಾಗಿ ಅದು ಕಾಪಿಡುವ ಪ್ರತಿಗೆ ತಕ್ಕದ್ದಲ್ಲ. ಡಿಸ್ಕ್‌ಗಳನ್ನು ಗಟ್ಟಿ ಪೆಟ್ಟಿಗೆಗಳಲ್ಲಿ ನೆಟ್ಟಗೆ ನಿಲ್ಲಿಸಿ, ಬೆಳಕು ಮತ್ತು ತೇವ ತಾಗದ ಕಡೆ ಇಡಬೇಕು. ಮೂಲ ಡಿಸ್ಕ್‌ಗಳನ್ನು, ಅವುಗಳಲ್ಲೂ ಡಿವಿಡಿ-ರ‍್ಯಾಮ್ ಮತ್ತು ಆರ್‌ಡಬ್ಲ್ಯೂಗಳನ್ನು, ಹೊಸ ಪ್ರತಿಯ ಮೊತ್ತ ತಾಳೆಯಾದ ಮಾತ್ರಕ್ಕೆ ಅಳಿಸಿ ಬೇರೆ ಕೆಲಸಕ್ಕೆ ಬಳಸದೆ, ಎರಡನೆಯ ಪ್ರತಿ ಸಿದ್ಧವಾಗಿ ಅದು ಬೇರೊಂದು ಜಾಗ ಸೇರುವವರೆಗೆ ಇದ್ದಂತೆಯೇ ಬಿಡಬೇಕು.